ಫೀಸು ಬೇರೆ, ಗಂಟೆ ಬೇರೆ: ಪಶುವೈದ್ಯರ ನೋಂದಣಿ ನವೀಕರಣದ ಲೆಕ್ಕ

ಪ್ರಶ್ನೆ: 2021ರಲ್ಲಿ ಹೆಬ್ಬಾಳದಲ್ಲಿ ಬಿ.ವಿ.ಎಸ್ಸಿ. ಮುಗಿಸಿ ಅದೇ ವರ್ಷ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದೆ. ಈಗ ಮದ್ದೂರಿನ ಕಡೆ ಖಾಸಗಿಯಾಗಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ನೋಂದಣಿಗೆ ಐದು ವರ್ಷ ತುಂಬುತ್ತ ಬಂದಿದೆ. "ಫೀಸ್ ಕಟ್ಟಿದರೆ ಆಯಿತು" ಎಂದು ಕೆಲವರು, "ತರಬೇತಿ ಸರ್ಟಿಫಿಕೇಟ್ ಬೇಕೇ ಬೇಕು" ಎಂದು ಕೆಲವರು ಹೇಳುತ್ತಾರೆ. ಫೋನಿನಲ್ಲಿ ಅರವತ್ತಕ್ಕೂ ಹೆಚ್ಚು ವೆಬಿನಾರ್ ಸರ್ಟಿಫಿಕೇಟ್ ಇವೆ. ಗಂಡನ ಕೆಲಸದ ಮೇಲೆ ಮುಂದೆ ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಬೇಕಾಗಬಹುದು. ಇಲ್ಲಿ ಕೂಡಿಸಿದ ಗಂಟೆಗಳು ಅಲ್ಲಿ ಲೆಕ್ಕಕ್ಕೆ ಬರುತ್ತವೆಯೇ? ಇನ್ನೊಂದು: ನನ್ನ ಜೊತೆ ಇರುವ ಡಿಪ್ಲೊಮಾ ಮಾಡಿದ ಹುಡುಗನನ್ನೂ ಇಂಥ ತರಬೇತಿಗೆ ಕಳಿಸಬಹುದೇ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇದೆ. ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುವುದರಿಂದ ಗೊಂದಲವಾಗಿದೆ. ರಿಜಿಸ್ಟರಿನಲ್ಲಿ ಹೆಸರು ಉಳಿಸಿಕೊಳ್ಳುವುದು ಒಂದು, ಕಲಿಕೆಯ ದಾಖಲೆ ಇಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದು ತಪ್ಪಿದರೆ ಪ್ರಾಕ್ಟೀಸ್ ಮಾಡುವ ಹಕ್ಕೇ ಹೋಗುತ್ತದೆ. ಅದಕ್ಕೆ ಅಲ್ಲಿಂದಲೇ ಶುರು ಮಾಡೋಣ.

ನಮ್ಮಲ್ಲಿ ಇದಕ್ಕೆಲ್ಲ ಆಧಾರ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ. ರಾಜ್ಯ ಪರಿಷತ್ತು ರಾಜ್ಯದ ರಿಜಿಸ್ಟರ್ ಇಡುತ್ತದೆ, ಅಲ್ಲಿರುವ ಹೆಸರುಗಳು ರಾಷ್ಟ್ರಮಟ್ಟದ ರಿಜಿಸ್ಟರಿಗೆ ಸೇರುತ್ತವೆ. ರಾಜ್ಯದ ರಿಜಿಸ್ಟರಿನಲ್ಲಿ ಹೆಸರು ಮುಂದುವರಿಯಲು 5 ವರ್ಷಕ್ಕೊಮ್ಮೆ ನವೀಕರಣ ಶುಲ್ಕ ಕಟ್ಟಬೇಕು. ಕಟ್ಟದಿದ್ದರೆ ರಿಜಿಸ್ಟ್ರಾರ್ ಹೆಸರು ತೆಗೆಯುತ್ತಾರೆ. ಆಮೇಲೆ ಶುಲ್ಕ ಕಟ್ಟಿ ಮತ್ತೆ ಸೇರಿಸಿಕೊಳ್ಳಲು ದಾರಿ ಇದೆ. ಕಾಯ್ದೆಯ ನವೀಕರಣದ ವಿಧಿ ಮಾತಾಡುವುದು ಶುಲ್ಕದ ಬಗ್ಗೆ, ಇಷ್ಟು ಗಂಟೆ ತರಬೇತಿ ಎಂಬ ಲೆಕ್ಕ ಆ ವಿಧಿಯಲ್ಲಿ ಇಲ್ಲ. "ಫೀಸ್ ಕಟ್ಟಿದರೆ ಆಯಿತು" ಎನ್ನುವವರು ಹಿಡಿದಿರುವುದು ಈ ಎಳೆಯನ್ನು. ಆದರೆ ನಿಯಮ, ಸುತ್ತೋಲೆ, ಅರ್ಜಿ ನಮೂನೆಗಳು ಕಾಯ್ದೆಯ ಪುಟಕ್ಕಿಂತ ಬೇಗ ಬದಲಾಗುತ್ತವೆ. ನಿರಂತರ ಪಶುವೈದ್ಯಕೀಯ ಶಿಕ್ಷಣ, ಅಂದರೆ ನಾವೆಲ್ಲ ಸಿವಿಇ ಎನ್ನುವುದನ್ನು, ಭಾರತೀಯ ಪರಿಷತ್ತೂ ರಾಜ್ಯ ಪರಿಷತ್ತುಗಳೂ ಬಹಳ ವರ್ಷಗಳಿಂದ ನಡೆಸುತ್ತಲೇ ಬಂದಿವೆ. ನಿಮ್ಮ ನವೀಕರಣದ ವರ್ಷ ಯಾವ ನಮೂನೆ ಜಾರಿಯಲ್ಲಿದೆಯೋ ಅದನ್ನು ಪರಿಷತ್ತಿನಿಂದಲೇ ಪಡೆದು, ಅದರ ಲಗತ್ತುಗಳ ಪಟ್ಟಿ ನೋಡಿ. ಐದು ವರ್ಷದ ಹಿಂದೆ ಸೀನಿಯರ್ ತುಂಬಿದ ಫಾರಂ ನೋಡಿ ಹೊರಡಬೇಡಿ.

ಹೆಸರು ಬಿದ್ದುಹೋದರೆ ಏನಾಗುತ್ತದೆ ಎಂದು ಹಲವರಿಗೆ ಅಂದಾಜಿಲ್ಲ. ಕಾಯ್ದೆಯ 30ನೇ ವಿಧಿಯ ಪ್ರಕಾರ ಪಶುವೈದ್ಯ ವೃತ್ತಿ ಮಾಡುವುದು, ಸರ್ಕಾರದಲ್ಲಿ ಪಶುವೈದ್ಯರ ಹುದ್ದೆಯಲ್ಲಿರುವುದು, ಕಾನೂನು ಕೇಳುವ ಆರೋಗ್ಯ ಪ್ರಮಾಣಪತ್ರಕ್ಕೆ ಸಹಿ ಹಾಕುವುದು, ಕೋರ್ಟಿನಲ್ಲಿ ಪಶುವೈದ್ಯಕೀಯ ಪರಿಣತರಾಗಿ ಸಾಕ್ಷಿ ನುಡಿಯುವುದು, ಇವೆಲ್ಲ ನೋಂದಾಯಿತರಿಗೆ ಮಾತ್ರ. ಮಂಡ್ಯದ ಹಳ್ಳಿಯೊಂದರಲ್ಲಿ ವಿಮೆ ಇರುವ ಹಸು ಸತ್ತಿದೆ ಎಂದುಕೊಳ್ಳಿ. ಕಿವಿಯ 12 ಅಂಕಿಯ ಓಲೆ ನಂಬರ್ ಬರೆದು, ಮರಣೋತ್ತರ ಪರೀಕ್ಷೆ ಮಾಡಿ, ವರದಿಗೆ ನೀವು ಸಹಿ ಹಾಕುತ್ತೀರಿ. ಆ ದಿನ ನಿಮ್ಮ ನೋಂದಣಿ ಊರ್ಜಿತವಾಗಿಲ್ಲದಿದ್ದರೆ ವಿಮಾ ಕಂಪನಿಗೆ ಕ್ಲೇಮು ತಿರಸ್ಕರಿಸಲು ಅಷ್ಟೇ ಸಾಕು. ನಿಮ್ಮ ಒಂದು ಅರ್ಜಿ ತಡವಾದದ್ದಕ್ಕೆ ಏನೂ ಅರಿಯದ ರೈತ ನಷ್ಟ ಅನುಭವಿಸುತ್ತಾನೆ. ಆದ್ದರಿಂದ ಸರ್ಟಿಫಿಕೇಟಿನ ಮೇಲಿರುವ ಕೊನೆಯ ದಿನಾಂಕಕ್ಕೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಿ. ಮನೆ ಬದಲಾಗಿದ್ದರೆ ವಿಳಾಸವನ್ನೂ ಅದೇ ಅರ್ಜಿಯ ಜೊತೆ ತಿದ್ದಿಸಿಕೊಳ್ಳಿ. ನೋಟಿಸು ಹೋಗುವುದು ರಿಜಿಸ್ಟರಿನಲ್ಲಿರುವ ಹಳೆಯ ವಿಳಾಸಕ್ಕೆ. ಹಾಸ್ಟೆಲ್ ವಿಳಾಸ ಕೊಟ್ಟು ನೋಂದಣಿ ಮಾಡಿಸಿದವರು ಎಷ್ಟೋ ಜನ.

ಈಗ ನಿಮ್ಮ ಅರವತ್ತು ಸರ್ಟಿಫಿಕೇಟುಗಳು. ಅವನ್ನೆಲ್ಲ ಒಂದೊಂದಾಗಿ ತೆರೆದು ನೋಡಿ. "ಭಾಗವಹಿಸಿದ್ದಾರೆ" ಎಂದಿರುತ್ತದೆ, ಎಷ್ಟು ಗಂಟೆ ಎಂದಿರುವುದಿಲ್ಲ. ದಿನಾಂಕ ಇರುತ್ತದೆ, ವರ್ಷ ಇರುವುದಿಲ್ಲ. ವಿಷಯದ ಜಾಗದಲ್ಲಿ "ರಾಷ್ಟ್ರೀಯ ವೆಬಿನಾರ್" ಎಂದಷ್ಟೇ ಇರುತ್ತದೆ. ಬೇರೆ ದೇಶದ ನಿಯಂತ್ರಣ ಮಂಡಳಿಯ ಮುಂದಾಗಲಿ, ನಾಳೆ ನಮ್ಮದೇ ಪರಿಷತ್ತಿನ ಮುಂದಾಗಲಿ, ಇಂಥದ್ದು ನಿಲ್ಲುವುದಿಲ್ಲ. ಒಂದು ಸರ್ಟಿಫಿಕೇಟಿನಲ್ಲಿ ಇರಬೇಕಾದದ್ದು ಇಷ್ಟು: ರಿಜಿಸ್ಟರಿನಲ್ಲಿರುವಂತೆಯೇ ನಿಮ್ಮ ಹೆಸರು ಮತ್ತು ನೋಂದಣಿ ಸಂಖ್ಯೆ, ನಿಖರವಾದ ವಿಷಯ, ದಿನಾಂಕ, ಕಲಿಕೆಯ ಗಂಟೆಗಳು, ಎದುರು ಕೂತು ಕಲಿತದ್ದೋ ಆನ್‌ಲೈನ್ ನೇರವೋ ರೆಕಾರ್ಡಿಂಗೋ ಎಂಬುದು, ನಡೆಸಿದ ಸಂಸ್ಥೆ ಮತ್ತು ಸಹಿ. ಏನಾದರೂ ಬಿಟ್ಟುಹೋಗಿದ್ದರೆ ಸಂಘಟಕರಿಗೆ ಅದೇ ವಾರ ಇಮೇಲ್ ಮಾಡಿ ಸರಿಪಡಿಸಿಕೊಳ್ಳಬೇಕು. ವರ್ಷ ಕಳೆದ ಮೇಲೆ ಆ ಸಂಚಾಲಕರು ಬೇರೆ ಕಡೆ ವರ್ಗವಾಗಿರುತ್ತಾರೆ.

ಹೆಸರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಕಡೆಯವರು ಹೆಚ್ಚು ಪೆಟ್ಟು ತಿನ್ನುವುದೇ ಇಲ್ಲಿ. ಅಂಕಪಟ್ಟಿಯಲ್ಲಿ "ಪಲ್ಲವಿ ಕೆ.ಎಂ." ಎಂದಿರುತ್ತದೆ. ಪಾಸ್‌ಪೋರ್ಟಿಗೆ ಸರ್‌ನೇಮ್ ಬೇಕು ಎಂದು ಇನಿಷಿಯಲ್ ಬಿಡಿಸಿದಾಗ ಊರಿನ ಹೆಸರೂ ಅಪ್ಪನ ಹೆಸರೂ ಸೇರಿಕೊಂಡು ಉದ್ದವಾಗುತ್ತದೆ. ಮದುವೆಯ ನಂತರ ಆಧಾರ್‌ನಲ್ಲಿ ಗಂಡನ ಹೆಸರು ಬರುತ್ತದೆ. ವೆಬಿನಾರಿಗೆ ಫೋನಿನಿಂದ ಸೇರಿದಾಗ ಅದರಲ್ಲಿ "ಪಲ್ಲು" ಎಂದಿರುತ್ತದೆ, ಸರ್ಟಿಫಿಕೇಟೂ ಅದೇ ಹೆಸರಿಗೆ ಮುದ್ರಣವಾಗಿ ಬರುತ್ತದೆ. ಈ ನಾಲ್ವರೂ ಒಬ್ಬರೇ ಎಂದು ದೂರದಲ್ಲಿ ಕೂತ ಅಧಿಕಾರಿಗೆ ಗೊತ್ತಾಗುವುದು ಹೇಗೆ? ರಿಜಿಸ್ಟರಿನಲ್ಲಿ ಯಾವ ಹೆಸರಿದೆಯೋ ಅದನ್ನೇ ಎಲ್ಲ ತರಬೇತಿಗಳಿಗೂ ಕೊಡಿ. ವಿದೇಶದ ಯೋಚನೆ ಗಟ್ಟಿಯಾಗಿದ್ದರೆ ಪಾಸ್‌ಪೋರ್ಟ್ ಮತ್ತು ರಿಜಿಸ್ಟರ್ ಎರಡರ ಹೆಸರನ್ನೂ ಈ ನವೀಕರಣದ ಹೊತ್ತಿಗೇ ಒಂದು ಮಾಡಿಸಿಕೊಳ್ಳಿ.

ಗಂಟೆಗಳನ್ನು ಎಣಿಸುವಾಗ ಪ್ರಾಮಾಣಿಕವಾಗಿರಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕದ ಕಾರ್ಯಾಗಾರ ಏಳು ಗಂಟೆಯಲ್ಲ. ದೀಪ ಬೆಳಗುವುದು, ಸ್ವಾಗತ, ಸನ್ಮಾನ, ಊಟ, ಎರಡು ಸಲ ಕಾಫಿ ಕಳೆದರೆ ಉಳಿಯುವುದು ನಾಲ್ಕೂವರೆ ಗಂಟೆ. ದಾಖಲೆಯಲ್ಲಿ ನಾಲ್ಕೂವರೆ ಎಂದೇ ಬರೆಯಿರಿ. ಕಾರ್ಯಕ್ರಮಪಟ್ಟಿಯನ್ನೂ ಸರ್ಟಿಫಿಕೇಟಿನ ಜೊತೆ ಪಿಡಿಎಫ್ ಮಾಡಿ ಇಡಿ, ಗಂಟೆ ನಮೂದಾಗದ ಸರ್ಟಿಫಿಕೇಟಿಗೆ ಅದೇ ಸಾಕ್ಷಿ. ದುಡ್ಡು ಕಟ್ಟಿದರೆ ಪಾಠ ಕೇಳದಿದ್ದರೂ ಕೊಡುವ ಸರ್ಟಿಫಿಕೇಟುಗಳನ್ನು ಈಗಲೇ ಅಳಿಸಿಹಾಕಿ. ಹತ್ತು ಗಟ್ಟಿ ದಾಖಲೆಯ ನಡುವೆ ಒಂದು ಸುಳ್ಳು ಸಿಕ್ಕಿದರೂ ಉಳಿದ ಒಂಬತ್ತರ ಮೇಲೆ ಅನುಮಾನ ಬರುತ್ತದೆ.

ಅಮೆರಿಕ, ಇಂಗ್ಲೆಂಡ್ ವಿಚಾರಕ್ಕೆ ಬರೋಣ. ನೇರ ಉತ್ತರ: ಲೈಸೆನ್ಸ್ ಕೈಗೆ ಬರುವ ಮುಂಚೆ ಮಾಡಿದ ಗಂಟೆಗಳು ಆ ಲೈಸೆನ್ಸಿನ ನವೀಕರಣಕ್ಕೆ ಲೆಕ್ಕವಿಲ್ಲ. ನವೀಕರಣದ ಗಂಟೆಗಳು ಒಂದು ಲೈಸೆನ್ಸಿನ ಒಂದು ಅವಧಿಗೆ ಸೇರಿದವು. ಕಳೆದ ಅವಧಿಯದನ್ನು ಈ ಅವಧಿಗೆ ತರುವುದೇ ಕಷ್ಟವಿರುವಾಗ, ಬೇರೆ ದೇಶದಲ್ಲಿ ಲೈಸೆನ್ಸ್ ಇಲ್ಲದಿದ್ದಾಗ ಮಾಡಿದ್ದನ್ನು ತರುವುದು ದೂರದ ಮಾತು.

ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ಲೈಸೆನ್ಸ್ ಎಂಬುದಿಲ್ಲ, ಪ್ರತಿ ರಾಜ್ಯಕ್ಕೂ ಪ್ರತ್ಯೇಕ ಮಂಡಳಿ. ಕ್ಯಾಲಿಫೋರ್ನಿಯಾದಲ್ಲಿ 2 ವರ್ಷಕ್ಕೆ 36 ಗಂಟೆ. ಅಷ್ಟೇ ಅಲ್ಲ, 4 ವರ್ಷಕ್ಕೊಮ್ಮೆಯಾದರೂ ಕನಿಷ್ಠ 1 ಗಂಟೆ ಆಂಟಿಬಯಾಟಿಕ್‌ಗಳ ವಿವೇಕದ ಬಳಕೆಯ ಬಗ್ಗೆ ಇರಲೇಬೇಕು. ನ್ಯೂಯಾರ್ಕಿನಲ್ಲಿ 3 ವರ್ಷಕ್ಕೆ 45 ಗಂಟೆ, ಅದರಲ್ಲಿ ತಾನೇ ಕೂತು ಕಲಿಯುವ ಬಗೆಯದು 22.5 ಗಂಟೆ ಮೀರುವಂತಿಲ್ಲ. ಫ್ಲಾರಿಡಾದಲ್ಲಿ 2 ವರ್ಷಕ್ಕೆ 30. ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ವೆಟರಿನರಿ ಸರ್ಜನ್ಸ್, ಅಂದರೆ ಆರ್‌ಸಿವಿಎಸ್, 2020ರ ಜನವರಿಯಿಂದ ಕ್ಯಾಲೆಂಡರ್ ವರ್ಷಕ್ಕೆ 35 ಗಂಟೆ ಕೇಳುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 3 ವರ್ಷಕ್ಕೆ 60 ಅಂಕ, ಅದರಲ್ಲಿ 15 ಆದರೂ ವ್ಯವಸ್ಥಿತ ಕಲಿಕೆಯದ್ದಾಗಿರಬೇಕು. ಎಲ್ಲವನ್ನೂ ವರ್ಷಕ್ಕೆ ಇಳಿಸಿದರೆ ಹದಿನೈದರಿಂದ ಮೂವತ್ತೈದರ ನಡುವೆ ಬರುತ್ತದೆ. ನೀವು ಇಲ್ಲಿದ್ದುಕೊಂಡೇ ವರ್ಷಕ್ಕೆ 24 ಗಂಟೆ, ಅಂದರೆ ತಿಂಗಳಿಗೆ ಎರಡು ಗಂಟೆ, ಎಂದು ಗುರಿ ಇಟ್ಟುಕೊಂಡರೆ ಎಲ್ಲಿಗೆ ಹೋದರೂ ಹೊಸದಾಗಿ ಅಭ್ಯಾಸ ಮಾಡಿಕೊಳ್ಳುವ ಕಷ್ಟವಿರುವುದಿಲ್ಲ.

ಸಂಖ್ಯೆಗಿಂತ ಮುಖ್ಯವಾದ ವ್ಯತ್ಯಾಸವೆಂದರೆ ಯಾವ ಕಲಿಕೆಯನ್ನು ಒಪ್ಪುತ್ತಾರೆ ಎಂಬುದು. ಅಮೆರಿಕದ ರಾಜ್ಯ ಮಂಡಳಿಗಳ ಒಕ್ಕೂಟವಾದ ಎಎವಿಎಸ್‌ಬಿ, ರೇಸ್ ಎಂಬ ಹೆಸರಿನಲ್ಲಿ ಕೋರ್ಸುಗಳನ್ನು ಪರಿಶೀಲಿಸಿ ಅನುಮೋದನೆ ಸಂಖ್ಯೆ ಕೊಡುತ್ತದೆ. ಹೆಚ್ಚಿನ ರಾಜ್ಯಗಳು ಆ ಸಂಖ್ಯೆ ಇರುವ ಕೋರ್ಸನ್ನು ಒಪ್ಪುತ್ತವೆ. ಆನ್‌ಲೈನ್ ಕೋರ್ಸುಗಳಲ್ಲಿ ಪ್ರಶ್ನೆ ಕೇಳಲು ಅವಕಾಶವಿರುವ ನೇರ ಪಾಠ ಒಂದು ಬಗೆ, ರೆಕಾರ್ಡಿಂಗ್ ಇನ್ನೊಂದು ಬಗೆ ಎಂದು ವಿಂಗಡಿಸುತ್ತಾರೆ. ರೆಕಾರ್ಡಿಂಗಿಗೆ ಮಿತಿ ಹಾಕುವ ರಾಜ್ಯಗಳಿವೆ. ರೇಸ್ ಇದೆ ಎಂದ ಮಾತ್ರಕ್ಕೆ ರಾಜ್ಯದ ಕಾನೂನಿನ ಬಗ್ಗೆಯೋ ಆಂಟಿಬಯಾಟಿಕ್ ಬಗ್ಗೆಯೋ ಇರುವ ಪ್ರತ್ಯೇಕ ಗಂಟೆ ತೀರಿಹೋಗುವುದಿಲ್ಲ. ನವೀಕರಣದ ಸಮಯದಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ ಒಟ್ಟು ಗಂಟೆ ಕಡಿಮೆಯಾಗಿ ಸಿಕ್ಕಿಬೀಳುವುದಿಲ್ಲ, ಈ ಒಂದೆರಡು ನಿರ್ದಿಷ್ಟ ಗಂಟೆ ಮರೆತು ಸಿಕ್ಕಿಬೀಳುತ್ತಾರೆ. ಕ್ಯಾಲಿಫೋರ್ನಿಯಾದಂಥ ಕಡೆ ಸರ್ಟಿಫಿಕೇಟುಗಳನ್ನು ಅರ್ಜಿಯ ಜೊತೆ ಕಳಿಸುವುದಿಲ್ಲ. ಪೂರೈಸಿದ್ದೇನೆ ಎಂದು ಘೋಷಿಸಿ, ದಾಖಲೆಯನ್ನು 4 ವರ್ಷ ಇಟ್ಟುಕೊಳ್ಳಬೇಕು. ಆಡಿಟ್ ಬಂದಾಗ ತೋರಿಸಬೇಕು.

ಆರ್‌ಸಿವಿಎಸ್ ದಾರಿಯೇ ಬೇರೆ. ಅವರು ಕೋರ್ಸುಗಳಿಗೆ ಮುದ್ರೆ ಒತ್ತುವುದಿಲ್ಲ. ನಿಮ್ಮ ಕೆಲಸಕ್ಕೆ ಸಂಬಂಧಿಸಿದ ಯಾವ ಕಲಿಕೆಯಾದರೂ ಆಗುತ್ತದೆ, ಆದರೆ ಯೋಜಿಸು, ಮಾಡು, ದಾಖಲಿಸು, ಮೆಲುಕು ಹಾಕು ಎಂಬ ನಾಲ್ಕು ಹೆಜ್ಜೆಯೂ ಇರಬೇಕು. ಕೊನೆಯ ಹೆಜ್ಜೆ 2022ರಿಂದ ಕಡ್ಡಾಯ. ಅಲ್ಲಿ ನೋಂದಣಿ ಸಿಕ್ಕ ಮೇಲೆ ರಜೆಗೆ ಊರಿಗೆ ಬಂದಾಗ ಹೆಬ್ಬಾಳದಲ್ಲಿ ಒಂದು ದಿನದ ಕಾರ್ಯಾಗಾರಕ್ಕೆ ಕೂತರೂ, ಏನು ಕಲಿತಿರಿ, ಅದರಿಂದ ಏನು ಬದಲಾಯಿಸಿದಿರಿ ಎಂದು ಬರೆದರೆ ಲೆಕ್ಕಕ್ಕೆ ಬರುತ್ತದೆ. ಹೆರಿಗೆ, ಕಾಯಿಲೆ ಇದ್ದಾಗ ಆರು ತಿಂಗಳವರೆಗೆ ಲೆಕ್ಕ ನಿಲ್ಲಿಸಲು ಅವಕಾಶವೂ ಇದೆ.

ಇಷ್ಟೆಲ್ಲ ಇದ್ದರೂ, ನಿಮ್ಮ ಮುಂದೆ ಮೊದಲು ನಿಲ್ಲುವುದು ಲೈಸೆನ್ಸ್ ಪಡೆಯುವ ಪರೀಕ್ಷೆಗಳು. ನಮ್ಮ ಬಿ.ವಿ.ಎಸ್ಸಿ. ಪದವಿಗೆ ಅಮೆರಿಕದಲ್ಲಿ ನೇರ ಮಾನ್ಯತೆ ಇಲ್ಲ. ವಿದೇಶಿ ಪದವಿಯನ್ನು ತೂಗಿ ನೋಡುವ ಇಸಿಎಫ್‌ವಿಜಿ ಅಥವಾ ಪೇವ್ ಎಂಬ ಎರಡರಲ್ಲೊಂದು ದಾರಿ ಹಿಡಿದು, ಅಲ್ಲಿನ ಪಶುವೈದ್ಯರ ಲೈಸೆನ್ಸ್ ಪರೀಕ್ಷೆಯಾದ ನ್ಯಾವ್ಲಿ ಪಾಸು ಮಾಡಿ, ಆಮೇಲೆ ರಾಜ್ಯದ ಲೈಸೆನ್ಸು. ಇಂಗ್ಲೆಂಡಿಗೆ ಆರ್‌ಸಿವಿಎಸ್‌ನ ಸ್ಟ್ಯಾಚುಟರಿ ಪರೀಕ್ಷೆ. ಇಲ್ಲಿಂದ ನೀವು ನಿಜಕ್ಕೂ ಹೊತ್ತೊಯ್ಯಬಹುದಾದದ್ದು ಗುಡ್ ಸ್ಟ್ಯಾಂಡಿಂಗ್ ಪತ್ರ: ಈ ವೈದ್ಯರು ನಮ್ಮ ರಿಜಿಸ್ಟರಿನಲ್ಲಿದ್ದಾರೆ, ಇವರ ಮೇಲೆ ಶಿಸ್ತುಕ್ರಮ ಇಲ್ಲ ಎಂದು ನಮ್ಮ ಪರಿಷತ್ತು ಕೊಡುವ ಪತ್ರ. ನೋಂದಣಿ ಒಂದು ವರ್ಷ ತಪ್ಪಿ ಮತ್ತೆ ಸೇರಿದ್ದರೆ ಆ ತೇಪೆಗೆ ವಿವರಣೆ ಬರೆಯುತ್ತ ಕೂರಬೇಕಾಗುತ್ತದೆ. ವಿದೇಶಕ್ಕೆ ಹೋಗುವ ತಯಾರಿಯ ಮೊದಲ ಕೆಲಸ ಇಲ್ಲಿನ ನವೀಕರಣವನ್ನು ಸಮಯಕ್ಕೆ ಮಾಡುವುದು ಎಂದು ಹೇಳುವುದು ಅದಕ್ಕೇ.

ಹಾಗಾದರೆ ಆ ತಿಂಗಳಿಗೆ ಎರಡು ಗಂಟೆಯಲ್ಲಿ ಏನು ಕಲಿಯಬೇಕು? ವೆಬಿನಾರ್ ಲಿಂಕ್ ಬಂತು ಎಂದು ಸೇರಬೇಡಿ. ನಿಮ್ಮ ಕಳೆದ ಆರು ತಿಂಗಳ ಕೇಸ್ ಪುಸ್ತಕ ತೆಗೆದು ನೋಡಿ. ಮದ್ದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೆಚ್ಚಲುಬಾವು, ಬೆದೆಗೆ ಬಾರದ ಹಸು, ಗಬ್ಬ ನಿಲ್ಲದಿರುವುದು, ಕರು ಹಾಕಿದ ಮೇಲೆ ಮಾಸು ಬೀಳದಿರುವುದು ಇರಬಹುದು. ಗಂಟೆಗಳಲ್ಲೂ ಅರ್ಧ ಅಲ್ಲಿಗೇ ಹೋಗಲಿ. ಬಂಡೂರು ಕುರಿ ಸಾಕುವವರು ನಿಮ್ಮ ಬಳಿ ಬರುತ್ತಿದ್ದರೆ ಕುರಿಯ ಜಂತು ನಿಯಂತ್ರಣಕ್ಕೆ ಒಂದಷ್ಟು. ನಾಯಿ ಬೆಕ್ಕುಗಳ ಕೇಸು ಕಡಿಮೆಯಿದ್ದು, ವಿದೇಶದಲ್ಲಿ ಅದೇ ಕೆಲಸ ಎಂದಿದ್ದರೆ ಅದಕ್ಕೂ ಭಾಗ ಇಡಿ. ಇದಕ್ಕಾಗಿ ಮೈಸೂರಿನಲ್ಲಿ ಪೆಟ್ ಪ್ರಾಕ್ಟೀಸ್ ಮಾಡುವ ಹಿರಿಯರ ಬಳಿ ತಿಂಗಳಿಗೊಂದು ದಿನ ಕೂತರೆ ವೆಬಿನಾರಿಗಿಂತ ಹೆಚ್ಚು ಸಿಗುತ್ತದೆ. ಹೆಬ್ಬಾಳ, ಹಾಸನದ ಕಾಲೇಜುಗಳ ಕೈತರಬೇತಿಗಳಿಗೆ ಸೀಟು ಕಡಿಮೆ. ಪ್ರಕಟಣೆ ಬಂದ ದಿನವೇ ಹೆಸರು ಕೊಡಿ.

ವರ್ಷಕ್ಕೆ ಮೂರು ಗಂಟೆಯಾದರೂ ಔಷಧ ಕಾನೂನಿಗೆ ಮೀಸಲಿಡಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಕಾರಣ ನಿಮ್ಮ ಪದವಿಯ ವರ್ಷದಲ್ಲೇ ಇದೆ. 2021ರಲ್ಲಿ ನೀವು ಓದು ಮುಗಿಸಿದಾಗ ಹಸುವಿನ ಜ್ವರ, ನೋವಿಗೆ ಕೀಟೋಪ್ರೊಫೆನ್ ಬರೆಯುವುದು ತಪ್ಪಾಗಿರಲಿಲ್ಲ. 2023ರ ಜುಲೈ ಕೊನೆಗೆ ಕೇಂದ್ರ ಸರ್ಕಾರ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಎರಡನ್ನೂ ಪಶುಗಳಿಗೆ ನಿಷೇಧಿಸಿತು. 2024ರ ಡಿಸೆಂಬರ್ ಕೊನೆಗೆ ನಿಮೆಸುಲೈಡ್ ಕೂಡ ಹೋಯಿತು. ಡೈಕ್ಲೋಫೆನಾಕ್ 2006ರಲ್ಲೇ ಹೋಗಿತ್ತು. ಕಾರಣ ರಣಹದ್ದು. ಔಷಧ ಮೈಯಲ್ಲಿರುವಾಗ ಸತ್ತ ಹಸುವಿನ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು ಅದೂ ಸಾಯುತ್ತದೆ. ಮಂಡ್ಯದ ಪಕ್ಕದ ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳಿಗೆಂದೇ 2012ರಲ್ಲಿ ಅಭಯಾರಣ್ಯ ಘೋಷಿಸಿದ್ದಾರೆ. ಮದ್ದೂರಿನಿಂದ ಒಂದು ಗಂಟೆಯ ದಾರಿಯೂ ಇಲ್ಲ. ಹಳೆಯ ಅಭ್ಯಾಸದಲ್ಲಿ ಬರೆದ ಒಂದು ಚೀಟಿಯ ಪರಿಣಾಮ ಅಲ್ಲಿಯವರೆಗೂ ಮುಟ್ಟಬಲ್ಲದು. ಕೋಳಿಯೂ ಸೇರಿದಂತೆ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ 2019ರಿಂದ ನಿಷಿದ್ಧ ಎನ್ನುವುದನ್ನೂ ಮರೆತವರಿದ್ದಾರೆ.

ನಿಷೇಧವಾದ ಆ ನೋವಿನ ಔಷಧಗಳ ಬದಲಿಗೆ ಮೆಲಾಕ್ಸಿಕಾಂ ಬಳಸಿ ಎಂದು ತರಬೇತಿಯಲ್ಲಿ ಹೇಳುತ್ತಾರೆ. ಅಲ್ಲಿಗೆ ನಿಲ್ಲಬೇಡಿ, ಪ್ರಮಾಣದ ಲೆಕ್ಕ ನೀವೇ ಹಾಕಿ. ಕಿಲೋಗೆ 0.5 ಮಿಲಿಗ್ರಾಂ. 350 ಕಿಲೋ ಹಸುವಿಗೆ 175 ಮಿಲಿಗ್ರಾಂ. ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ಬಾಟಲಾದರೆ 35 ಮಿಲಿಲೀಟರ್. ರೂಢಿಯಂತೆ 15 ಮಿಲಿಲೀಟರ್ ಕೊಟ್ಟು, "ಮೆಲಾಕ್ಸಿಕಾಂ ಕೆಲಸ ಮಾಡಲ್ಲ" ಎಂದು ನಿಷೇಧಿತ ಔಷಧಕ್ಕೆ ಹಿಂತಿರುಗುವವರಿದ್ದಾರೆ. ಕೆಲಸ ಮಾಡದಿರುವುದು ಔಷಧದ ತಪ್ಪಲ್ಲ, ಅರ್ಧಕ್ಕೂ ಕಡಿಮೆ ಕೊಟ್ಟದ್ದರ ತಪ್ಪು.

ದಾಖಲೆಯಲ್ಲಿ ಮೆಲುಕು ಹಾಕುವ ಭಾಗ ಬರೆಯುವುದು ಇದನ್ನೇ. ಉದಾಹರಣೆಗೆ ಕೆಚ್ಚಲುಬಾವಿನ ತರಬೇತಿಯಿಂದ ಬಂದ ಮೇಲೆ ಹೀಗೆ ನಾಲ್ಕು ಸಾಲು ಸಾಕು: "ಇದುವರೆಗೆ ಹಾಲಿನ ಮಾದರಿ ತೆಗೆಯದೆಯೇ ಆಂಟಿಬಯಾಟಿಕ್ ಶುರು ಮಾಡುತ್ತಿದ್ದೆ. ಇನ್ನು ಮುಂದೆ ಮೊದಲ ಡೋಸಿಗೆ ಮುಂಚೆ ಮೊಲೆ ಒರೆಸಿ, ಮೊದಲ ಕೆಲವು ಧಾರೆ ಚೆಲ್ಲಿ, ಮೊಲೆಯ ತುದಿಯನ್ನು 70 ಶೇಕಡಾ ಆಲ್ಕೋಹಾಲ್ ಹತ್ತಿಯಲ್ಲಿ ಉಜ್ಜಿ, ಸ್ಟೆರೈಲ್ ಟ್ಯೂಬನ್ನು ಓರೆಯಾಗಿ ಹಿಡಿದು ಮಾದರಿ ತೆಗೆದು ಐಸಿನಲ್ಲಿ ಇಡುತ್ತೇನೆ. ಮೂರು ತಿಂಗಳು ಬಿಟ್ಟು ಎಷ್ಟು ಕೇಸಿನಲ್ಲಿ ಹೀಗೆ ಮಾಡಿದೆ, ಎಷ್ಟರಲ್ಲಿ ಔಷಧ ಬದಲಾಯಿಸಬೇಕಾಯಿತು ಎಂದು ನೋಡುತ್ತೇನೆ." ಮೂರು ತಿಂಗಳು ಬಿಟ್ಟು ನಿಜವಾಗಿಯೂ ನೋಡಿ, ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ. ಹೀಗೆ ಬರೆದ ಪುಟ ಆರ್‌ಸಿವಿಎಸ್‌ಗೂ ಆಗುತ್ತದೆ, ನಿಮಗೂ ಆಗುತ್ತದೆ.

ಇನ್ನು ಡಿಪ್ಲೊಮಾ ಹುಡುಗನ ವಿಚಾರ. ಖಂಡಿತ ಕಳಿಸಿ. ಆದರೆ ತರಬೇತಿ ಸರ್ಟಿಫಿಕೇಟ್ ಅವನಿಗೆ ಸ್ವತಂತ್ರ ಚಿಕಿತ್ಸೆಯ ಹಕ್ಕು ಕೊಡುವುದಿಲ್ಲ. 30ನೇ ವಿಧಿಯ ವಿನಾಯಿತಿಯಂತೆ, ರಾಜ್ಯ ಸರ್ಕಾರ ಆದೇಶದ ಮೂಲಕ ಗುರುತಿಸಿದ ಸಣ್ಣಪುಟ್ಟ ಸೇವೆಗಳನ್ನು ಮಾತ್ರ, ಅದೂ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ, ಅವನು ಮಾಡಬಹುದು. ಅವನಿಗೆ ಮೊದಲು ಕೊಡಿಸಬೇಕಾದ್ದು ಅವನ ಮೈ ಕಾಯುವ ತರಬೇತಿ. ಕಂದು ರೋಗದ (ಹಸು ಗಬ್ಬ ಕಳೆದುಕೊಳ್ಳುವ ಬ್ರುಸೆಲ್ಲೋಸಿಸ್) ಎಸ್-19 ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುವಾಗ ಸೂಜಿ ಕೈಗೆ ಚುಚ್ಚಿದರೆ ಅದು ಜೀವಂತ ಲಸಿಕೆ, ಮನುಷ್ಯರಿಗೆ ರೋಗ ತರಬಲ್ಲದು. ಕರುವನ್ನು ಸರಿಯಾಗಿ ಹಿಡಿಯುವುದು, ಕೈಗವಸು, ಕಣ್ಣಿಗೆ ಕನ್ನಡಕ, ಚುಚ್ಚಿಕೊಂಡರೆ ಅಂದೇ ವೈದ್ಯರ ಬಳಿ ಹೋಗಿ "ಎಸ್-19" ಎಂದು ಹೆಸರು ಹಿಡಿದು ಹೇಳುವುದು, ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟದಿರುವುದು, ಇಷ್ಟನ್ನು ಅವನಿಗೆ ಕಲಿಸಲು ನೀವೇ ಎರಡು ಗಂಟೆ ಕೊಟ್ಟರೂ ಸಾಕು. ಕಲಿಸಿದ ದಿನ, ವಿಷಯ, ಅವನ ಸಹಿ ನಿಮ್ಮ ಪುಸ್ತಕದಲ್ಲಿರಲಿ. ನಾಳೆ ಅವನ ಕೆಲಸದ ಬಗ್ಗೆ ಪ್ರಶ್ನೆ ಬಂದರೆ ಮೇಲ್ವಿಚಾರಕರಾಗಿ ಉತ್ತರ ಕೊಡಬೇಕಾದವರು ನೀವು.